ಎಡಚಕ್ರದ ಆರು ನಟ್ಟು

ಕೀಯನ್ನು ಅರ್ಧ ತಿರುಗಿಸಿ ಮುಸ್ಯೋಕಾ ಕಾದು ಕೂತ. ಮೀಟರುಗಳ ನಡುವೆ ಕಿತ್ತಳೆ ಬಣ್ಣದ ಸಣ್ಣ ಸುರುಳಿ ದೀಪ ಹೊತ್ತಿಕೊಂಡಿತ್ತು. ಅದು ಆರುವವರೆಗೆ ಅವನು ಡೀಸೆಲ್ ಎಂಜಿನ್ನನ್ನು ಎಬ್ಬಿಸುವವನಲ್ಲ. ಜುಲೈ ತಿಂಗಳ ನೈರೋಬಿಯ ಚಳಿ. ಇಂಡಸ್ಟ್ರಿಯಲ್ ಏರಿಯಾದ ತಗಡಿನ ಛಾವಣಿಗಳ ಮೇಲೆ ಮೋಡ ಬಂದು ಕೂತುಬಿಟ್ಟಿತ್ತು. ಇಂಥ ದಿನ ಆ ದೀಪ ಆರುವುದು ನಾಲ್ಕು ಸೆಕೆಂಡು ತಡ. ಪಕ್ಕದ ಸೀಟಿನಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತ ವಾಮನನಿಗೆ ಆ ನಾಲ್ಕು ಸೆಕೆಂಡೂ ಭಾರವಾದವು. ಹನ್ನೊಂದು ಗಂಟೆಗೆ ಅಪ್ಪರ್ ಹಿಲ್‌ನ ಹೆಡ್ಡಾಫೀಸಿನಲ್ಲಿ ಡೈರೆಕ್ಟರ್ ಕಿಶನ್ ಭಾಯಿಯ ಎದುರು ಈ ಫೈಲು ಬಿಚ್ಚಬೇಕು. ಅದರಲ್ಲಿ ಇರುವುದು ಎರಡೇ ವಿಷಯ: ಔಷಧ ಸಾಗಿಸಲು ಹೊಸ ಪಿಕಪ್ ಯಾವುದು ಕೊಳ್ಳಬೇಕು, ಈ ಹಳೆಯದನ್ನು ಏನು ಮಾಡಬೇಕು. ಆದರೆ ಎರಡನೆಯ ಹಾಳೆಯ ಕೊನೆಯಲ್ಲಿ ಕಿಶನ್ ಭಾಯಿ ತಾನೇ ಟೈಪ್ ಮಾಡಿಸಿ ಕಳಿಸಿದ ಒಂದು ಸಾಲಿತ್ತು. ಕಳೆದ ವರ್ಷ ಅಪಘಾತದ ಎಚ್ಚರಿಕೆ ಪತ್ರ ಪಡೆದ ಡ್ರೈವರ್ ಮುಸ್ಯೋಕಾನನ್ನು ಹಳೆಯ ಗಾಡಿಯ ಜೊತೆಗೇ ಕೆಲಸದಿಂದ ಬಿಡುಗಡೆ ಮಾಡಲು ಮೆಂಟೆನೆನ್ಸ್ ಮ್ಯಾನೇಜರರ ಒಪ್ಪಿಗೆ ಇದೆ, ಎಂದು. ಅದರ ಕೆಳಗೆ ಆ ಮ್ಯಾನೇಜರನಾದ ವಾಮನನ ಸಹಿಗೆ ಜಾಗ ಬಿಟ್ಟಿತ್ತು. ಆ ಮುಸ್ಯೋಕಾ ಪಕ್ಕದಲ್ಲೇ ಕೂತು ದೀಪ ನೋಡುತ್ತಿದ್ದ. ದೀಪ ಆರಿತು, ಕೀ ಪೂರ್ತಿ ತಿರುಗಿತು, ಎಂಜಿನ್ನು ಒಂದೇ ಸಲಕ್ಕೆ ಎದ್ದು ತನ್ನ ದಪ್ಪ ದನಿಯಲ್ಲಿ ಗುನುಗತೊಡಗಿತು.

ಏನು ಗಾಡಿ ಇದು, ಎಂದು ವಾಮನನಿಗೆ ಪ್ರತಿಸಲ ಅನ್ನಿಸುವುದು ಇಂದೂ ಅನ್ನಿಸಿತು, ಅನ್ನಿಸಬಾರದ ಹೊತ್ತಿನಲ್ಲಿ. ತೊಂಬತ್ತನಾಲ್ಕರ ಲ್ಯಾಂಡ್ ಕ್ರೂಸರ್ ಪಿಕಪ್. ಔಷಧ ಫ್ಯಾಕ್ಟರಿಯ ಜನವೆಲ್ಲ ಅದನ್ನು ಮ್ಜೇ ಎಂದೇ ಕರೆಯುತ್ತಾರೆ, ಮನೆಯ ಹಿರಿಯನನ್ನು ಇಲ್ಲಿ ಕರೆಯುವ ಹಾಗೆ. ಬಿಳಿ ಬಣ್ಣ ಸವೆದು ಬಾಗಿಲ ಅಂಚಿನಲ್ಲಿ ತಗಡು ಹೊಳೆಯುತ್ತದೆ, ಸೀಟಿನ ರೆಕ್ಸಿನ್ ಹರಿದು ಹೊಲಿಗೆ ಬಿದ್ದಿದೆ, ಏಳು ಲಕ್ಷ ಕಿಲೋಮೀಟರ್ ದಾಟಿದೆ, ಎಂಜಿನ್ ಒಳಗೆ ಇನ್ನೂ ಮೊದಲಿನ ಪಿಸ್ಟನ್ನುಗಳೇ. ನಂಜನಗೂಡಿನ ಕಾರ್ಖಾನೆ ಬಿಟ್ಟು ಇಲ್ಲಿಗೆ ಬಂದ ಹೊಸದರಲ್ಲಿ ವಾಮನ ಇದನ್ನು ನೋಡಿ ನಕ್ಕಿದ್ದ, ಬಿ.ಇ. ಮೆಕ್ಯಾನಿಕಲ್ ಓದಿದವನ ನಗು. ಮೂರನೆಯ ತಿಂಗಳಲ್ಲಿ ಸಲೈನ್ ಬಾಟಲಿಗಳ ಲೋಡಿನೊಂದಿಗೆ ಲೋಡ್ವಾರಿನ ಆಸ್ಪತ್ರೆಗೆ ಮುಸ್ಯೋಕಾನ ಜೊತೆ ಹೋಗಬೇಕಾಯಿತು. ಕಿಟಾಲೆ ದಾಟಿದ ಮೇಲೆ ಟಾರು ಎನ್ನುವುದು ನೆನಪಾಗಿ ಉಳಿಯಿತು. ಒಂದು ಒಣ ಹೊಳೆಯ ಮರಳಿನಲ್ಲಿ ಹೊಸ ಹೊಳಪಿನ ಗಾಡಿಯೊಂದು ಹೊಟ್ಟೆಯವರೆಗೆ ಹೂತು, ಅದರ ಕಂಪ್ಯೂಟರು ಏನೋ ಮುನಿಸಿಕೊಂಡು, ಒಳಗಿದ್ದವರು ಫೋನ್ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದರು. ಮುಸ್ಯೋಕಾ ಇಳಿದು, ಮುಂಚಕ್ರದ ಹಬ್ಬುಗಳನ್ನು ಕೈಯಿಂದ ತಿರುಗಿಸಿ ಫೋರ್ ವೀಲ್ ಹಾಕಿ, ಟೈರಿನ ಗಾಳಿ ಸ್ವಲ್ಪ ಬಿಟ್ಟು, ಎರಡನೆಯ ಗೇರಿನಲ್ಲಿ ಎಲ್ಲೂ ಅವಸರವಿಲ್ಲದೆ ಆಚೆ ದಡ ಸೇರಿ, ಹಗ್ಗ ಕಟ್ಟಿ ಆ ಗಾಡಿಯನ್ನೂ ಎಳೆದುಕೊಟ್ಟ. ಆಮೇಲೆ ಪ್ರತಿ ಚಕ್ರದ ಹಬ್ಬಿನ ಮೇಲೆ ಅಂಗೈ ಇಟ್ಟು ಬಿಸಿ ನೋಡಿದ. ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಯದ್ದನ್ನು ವಾಮನ ಆ ನಾಲ್ಕು ದಿನದಲ್ಲಿ ಕಲಿತ. ಸೋಮವಾರ ಸೋಮವಾರ ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಇಳಿಸಬೇಕು. ಧೂಳಿನ ದಾರಿ ಮುಗಿದ ಕೂಡಲೇ ಏರ್ ಫಿಲ್ಟರ್ ಬಿಚ್ಚಬೇಕು. ಪ್ರೊಪೆಲರ್ ಶಾಫ್ಟಿನ ಕೀಲುಗಳಿಗೆ ಹೊಸ ಗ್ರೀಸು ಹಳೆಯದನ್ನು ತಳ್ಳಿ ಹೊರಬರುವ ತನಕ ಒತ್ತಬೇಕು. ಗಾಡಿಗೆ ಏನಾದರೂ ಆದರೆ ಅದು ಮೊದಲು ಸ್ಟೀರಿಂಗ್ ಹಿಡಿದ ಕೈಗೆ ಹೇಳುತ್ತದೆ, ಆಮೇಲೆ ಕಿವಿಗೆ, ಕೊನೆಗೆ ಜೇಬಿಗೆ, ಎಂದು ಮುಸ್ಯೋಕಾ ಹೇಳಿದ್ದ. ವಾಮನ ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದ.

ಗೇಟು ದಾಟಿ ಎಂಟರ್‌ಪ್ರೈಸ್ ರೋಡಿಗೆ ಬಂದಾಗ ಮುಸ್ಯೋಕಾ ಮೂರನೆಯ ಗೇರಿಗೆ ಹಾಕಿದ. ಎಡಗೈ ಗೇರಿನ ಕೋಲಿನ ಮೇಲೆ ಪೂರ್ತಿ ಮುಚ್ಚುವುದಿಲ್ಲ. ಕಿರುಬೆರಳು, ಉಂಗುರ ಬೆರಳು ಎರಡೂ ಹೊರಗೇ ಚಾಚಿಕೊಂಡಿರುತ್ತವೆ. ಮಣಿಕಟ್ಟನ್ನು ತಿರುಗಿಸಲಾಗದೆ ಇಡೀ ತೋಳನ್ನೇ ದೂಡಿ ಗೇರು ಹಾಕುತ್ತಾನೆ. ವಾಮನ ನೋಡಿದ. ಒಂಬತ್ತು ತಿಂಗಳಿಂದ ಅವನು ಪ್ರತಿಸಲ ನೋಡುತ್ತಾನೆ, ನೋಡಬಾರದು ಅಂದುಕೊಂಡೇ ನೋಡುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂದವರೂ ಯಾರಿಲ್ಲ, ಆದರೂ ಇವನ ಕೈ ಹೆಗಲ ಮೇಲೇ.

ಕುಂಬಳಕಾಯಿ ಇದ್ದದ್ದೂ ನಿಜವೇ. ನ್ಗಾರಾದ ಅಂಗಡಿಯಲ್ಲಿ ಹುಡುಕಿ ತಂದ ಬೂದುಗುಂಬಳ, ಒಳಗೆ ಕುಂಕುಮ ತುಂಬಿ ಮ್ಜೇಯ ಎದುರು ಒಡೆದದ್ದು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಹಾರ. ಆಯುಧಪೂಜೆ ಎಂದರೆ ವಾಮನನಿಗೆ ಬಾಲ್ಯದಿಂದ ಎಲ್ಲಿಲ್ಲದ ಶ್ರದ್ಧೆ. ಅವನ ತಂದೆ ಲೇತ್ ಮೆಷಿನ್ ನಡೆಸುತ್ತಿದ್ದವರು; ಪೂಜೆಗಿಟ್ಟ ಉಳಿ ಸುತ್ತಿಗೆಯನ್ನು ಮಾರನೆಯ ದಿನ ವಿಜಯದಶಮಿಗೆ ಆರತಿ ಎತ್ತಿ ಇಳಿಸುವ ತನಕ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ವರ್ಷಕ್ಕೊಂದು ದಿನ ಅವಕ್ಕೂ ವಿಶ್ರಾಂತಿ ಬೇಡವೇ ಎನ್ನುತ್ತಿದ್ದರು. ಕಳೆದ ವರ್ಷ ವರ್ಕ್‌ಶಾಪಿನ ಕಟ್ಟೆಯ ಮೇಲೆ ಕೆಂಪು ಬಟ್ಟೆ ಹಾಸಿ, ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ಸಾಲು ಚೆಂದ ಕಾಣಲೆಂದು ಮ್ಜೇಯ ಸೀಟಿನ ಹಿಂದೆ ಸದಾ ಇರುವ ವೀಲ್ ಸ್ಪ್ಯಾನರನ್ನೂ ವಾಮನನೇ ತೆಗೆದು ತಂದಿಟ್ಟ. ಹೆಂಡತಿ ಕಾತ್ಯಾಯಿನಿ ಒಂದೊಂದಕ್ಕೂ ಅರಿಸಿನ ಕುಂಕುಮ ಹಚ್ಚಿದಳು. ಡ್ರೈವರುಗಳು, ಪ್ಯಾಕಿಂಗ್ ಹೆಂಗಸರು ಸಾಲಾಗಿ ಬಂದು ಕಡ್ಲೆಪುರಿ ತಿಂದರು. ಮಧ್ಯಾಹ್ನ ಮುಸ್ಯೋಕಾ ಬಂದು ಕಟ್ಟೆಯ ಮುಂದೆ ನಿಂತ. ಶನಿವಾರ ಅವನು ಎಡ ಮುಂಚಕ್ರಕ್ಕೆ ಹೊಸ ಬೇರಿಂಗ್ ಹಾಕಿದ್ದ, ಸೋಮವಾರ ಥೀಕಾಕ್ಕೆ ಲೋಡು ಹಾಕಿಕೊಂಡು ಹೋಗಿ ಬಂದಿದ್ದ. ಚಕ್ರ ಬಿಚ್ಚಿ ಕೂಡಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕು, ಅದು ಅವನ ಕಟ್ಟಳೆ. ವೀಲ್ ಸ್ಪ್ಯಾನರ್ ಕಡೆ ಕೈ ತೋರಿಸಿದ. ವಾಮನ ನಗುತ್ತಾ ತಲೆಯಾಡಿಸಿದ. "ಲಿಯೋ ಹಪಾನಾ, ಮುಸ್ಯೋಕಾ. ಇವತ್ತು ಬೇಡ, ನಾಳೆ." ಮುಸ್ಯೋಕಾ ಕುಂಕುಮ ಹಚ್ಚಿದ ಸ್ಪ್ಯಾನರನ್ನೂ ಇವನ ಮುಖವನ್ನೂ ನೋಡಿ, "ಸವಾ" ಅಂದು ಹೋದ. ಸರಿ ಎನ್ನುವುದಕ್ಕೆ ಇಲ್ಲಿ ಇರುವ ಆ ಒಂದೇ ಪದವನ್ನು ಅವನು ಹೇಗೆ ಹೇಳಿದ ಎಂದು ವಾಮನ ಆಮೇಲೆ ಎಷ್ಟೋ ಸಲ ನೆನಪು ಮಾಡಿಕೊಳ್ಳಲು ನೋಡಿದ್ದಾನೆ.

ಜನ ತುಂಬಿದ ಮಟಾಟು ವ್ಯಾನೊಂದು ಎಡಗಡೆಯಿಂದ ನುಗ್ಗಿ ಮೂತಿ ತೂರಿಸಿತು. ಅದರ ಕಂಡಕ್ಟರು ಬಾಗಿಲಲ್ಲಿ ಜೋತಾಡುತ್ತಾ ಮ್ಜೇಯ ಬಾನೆಟ್ಟನ್ನು ಅಂಗೈಯಿಂದ ತಟ್ಟಿ ದಾರಿ ಕೇಳಿದ. ಮುಸ್ಯೋಕಾ ಬಿಟ್ಟುಕೊಟ್ಟ. ಅವನ ಮತ್ತು ವಾಮನನ ನಡುವಿನ ಮಾತು ಯಾವತ್ತೂ ಅರ್ಧ ಸ್ವಾಹಿಲಿ, ಅರ್ಧ ಇಂಗ್ಲಿಷು.

"ಯಾವುದು ಬರೆದ್ರಿ, ಬ್ವಾನಾ?" ಎಂದು ಮುಸ್ಯೋಕಾ ಕೇಳಿದ.

"ಏನು?"

"ಹೊಸ ಗಾಡಿ. ಡಬಲ್ ಕ್ಯಾಬಾ, ಇದರ ತಮ್ಮನಾ?"

"ಇದರ ತಮ್ಮ," ಅಂದ ವಾಮನ. "ಸಿಂಗಲ್ ಕ್ಯಾಬ್. ಇದೇ ಎಂಜಿನ್ನು, ಕಂಪ್ಯೂಟರ್ ಇಲ್ಲ."

ಮುಸ್ಯೋಕಾನ ಮುಖ ಅರಳಿತು. "ಒಳ್ಳೇದು ಮಾಡಿದ್ರಿ. ಡಬಲ್ ಕ್ಯಾಬಿನ ಸೀಟು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಲೋಡು ಸೀಟಿನ ಮೇಲೆ ಕೂರಲ್ಲ. ಹಿಂದೆ ಪಟ್ಟಿ ಸ್ಪ್ರಿಂಗ್ ದಪ್ಪ ಇರಬೇಕು, ಕೆಟ್ಟರೆ ಹಳ್ಳಿ ಗ್ಯಾರೇಜಿನ ಫುಂಡಿ ಹತ್ತು ಸ್ಪ್ಯಾನರಲ್ಲಿ ರಿಪೇರಿ ಮಾಡೋ ಹಾಗಿರಬೇಕು." ಗೇರು ಬದಲಿಸಿ ಮತ್ತೆ ಹೇಳಿದ: "ಒಂದು ಮಾತು. ಮೊದಲ ಐದು ಸಾವಿರ ಕಿಲೋಮೀಟರ್ ನಾನೇ ಓಡಿಸ್ತೀನಿ. ಬೇರೆಯವರ ಕೈಗೆ ಕೊಡಬೇಡಿ. ಆ ಐದು ಸಾವಿರದಲ್ಲಿ ಕಲಿತದ್ದೇ ಅದರ ಬುದ್ಧಿ."

ವಾಮನ ಕಿಟಕಿಯ ಕಡೆ ಮುಖ ತಿರುಗಿಸಿದ. ಫೈಲಿನ ಕೆಳಗೆ ತೊಡೆ ಬೆವರುತ್ತಿತ್ತು. ಬೆಳಿಗ್ಗೆ ಹೈರಿಡ್ಜಿನ ಮನೆಯಲ್ಲಿ ಕಾತ್ಯಾಯಿನಿ ತಟ್ಟೆಗೆ ಉಪ್ಪಿಟ್ಟು ಹಾಕಿ ಸೌಟನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. "ರೀ, ಇವತ್ತಾದ್ರೂ ಹೇಳ್ತೀರೋ ಇಲ್ವೋ? ಸಹಿ ಹಾಕಿಬಿಟ್ರೆ ಮುಗೀತು ಆಮೇಲೆ." "ವರ್ಕ್ ಪರ್ಮಿಟ್ ರಿನ್ಯೂವಲ್ ಸೆಪ್ಟೆಂಬರಿಗಿದೆ ಕಣೆ, ಕಂಪನಿಯವರೇ ಮಾಡಿಸಬೇಕು." "ಪರ್ಮಿಟ್ ಹೋದ್ರೆ ವಾಪಸ್ ಹೋಗೋಣ. ಅಲ್ಲಿ ಯಾರೂ ಉಪವಾಸ ಬಿದ್ದಿಲ್ಲ. ಆಸ್ಪತ್ರೆಗೆ ಹದಿನೈದು ದಿನ ಅನ್ನ ಸಾರು ಕಳಿಸಿದ್ದೀನಿ ನಾನು, ಒಂದೊಂದು ಡಬ್ಬಿ ತುಂಬೋವಾಗ್ಲೂ ನಾಚಿಕೆ ಆಗ್ತಿತ್ತು. ಅನ್ನ ಕಳಿಸಿಬಿಟ್ರೆ ತಪ್ಪು ತೀರುತ್ತಾ?" ಅಷ್ಟರಲ್ಲಿ ಮಗಳು ಸಾನ್ವಿ ಶೂ ಲೇಸು ಕಟ್ಟುತ್ತಾ, "ಅಪ್ಪಾ, ವಾಟ್ ಡಿಡ್ ಯು ಡೂ?" ಎಂದು ಕೇಳಿದಳು. ಹನ್ನೊಂದು ವರ್ಷದ ಹುಡುಗಿ. ಏನಿಲ್ಲ ಪುಟ್ಟಿ ಅಂದಿದ್ದ.

ಮಾಡಿದ್ದು ಇಷ್ಟು. ಪೂಜೆಯ ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು. ನಕೂರು ಕಡೆಯ ಆಸ್ಪತ್ರೆಯಿಂದ ಅರ್ಜೆಂಟ್ ಆರ್ಡರ್, ಗಾಡಿ ಲೋಡಾಗಿ ನಿಂತಿದೆ, ವರ್ಕ್‌ಶಾಪಿಗೆ ಬೀಗ, ಕೀ ನಿಮ್ಮ ಹತ್ತಿರ, ನಟ್ಟು ಬಿಗಿಯಬೇಕು, ಎಂದು ಮುಸ್ಯೋಕಾ ಹೇಳಿದ. ವಾಮನ ಹಾಸಿಗೆಯಲ್ಲೇ ಇದ್ದ. ವಿಜಯದಶಮಿಯ ಆರತಿ ಒಂಬತ್ತಕ್ಕೆ. ಅದಕ್ಕೆ ಮೊದಲು ಇಂಡಸ್ಟ್ರಿಯಲ್ ಏರಿಯಾದವರೆಗೆ ಓಡಬೇಕು, ಓಡಿದರೂ ಪೂಜೆಗಿಟ್ಟದ್ದನ್ನು ಹಾಗೆ ಎತ್ತಬೇಕು. "ಹೋಗಿ ಬಾ, ಬಂದ ಮೇಲೆ ಬಿಗಿ. ಏನಾಗಲ್ಲ," ಅಂದುಬಿಟ್ಟ. ದೇವಿಯ ಹೆಸರಿತ್ತು ಬಾಯಲ್ಲಿ. ಒಳಗೆ ಇದ್ದದ್ದು ಸೋಮಾರಿತನ. ಅದೂ ಅವನಿಗೆ ಗೊತ್ತಿತ್ತು. ಲಿಮೂರು ದಾಟಿ ಕಣಿವೆಗೆ ಇಳಿಯುವ ಹಳೇ ರಸ್ತೆಯಲ್ಲಿ ಎಡ ಮುಂಚಕ್ರ ಕಳಚಿಕೊಂಡಿತು. ಎಡಕ್ಕೆ ಪ್ರಪಾತ. ಒಂದೂವರೆ ಟನ್ ಸಲೈನ್ ಹಿಂದಿನಿಂದ ದೂಡುತ್ತಿರುವಾಗ, ಮೂರು ಚಕ್ರದ ಮೇಲೆ, ಎಡಕ್ಕೇ ಎಳೆಯುವ ಸ್ಟೀರಿಂಗನ್ನು ಮುಸ್ಯೋಕಾ ಬಲಕ್ಕೆ ತಿರುವಿ ಹಿಡಿದು, ಎದುರಿನಿಂದ ಬರುತ್ತಿದ್ದ ಲಾರಿ ದಾಟುವವರೆಗೆ ಕಾದು, ರಸ್ತೆ ಅಡ್ಡ ಹಾಯ್ದು ಗುಡ್ಡಕ್ಕೆ ಒರಗಿಸಿ ನಿಲ್ಲಿಸಿದ. ಒಬ್ಬರಿಗೂ ಏನೂ ಆಗಲಿಲ್ಲ. ಅವನ ಮಣಿಕಟ್ಟು ಮಾತ್ರ ಎರಡು ಕಡೆ ಮುರಿಯಿತು. ಆ ಜಾಗವನ್ನು ವಾಮನ ಆಮೇಲೆ ಹೋಗಿ ನೋಡಿದ. ರಸ್ತೆಯ ಮೇಲೆ ಬ್ರೇಕ್ ಡ್ರಮ್ಮು ಉಜ್ಜಿದ ಗೆರೆ ಒಂದು ಕಡೆಯೂ ತಡವರಿಸದೆ ಗುಡ್ಡದವರೆಗೆ ಹೋಗಿತ್ತು. ಅದನ್ನು ನೋಡುತ್ತಾ ನಿಂತು, ಹೆದರಿಕೆಗಿಂತ ಮೊದಲು, ಎಂಥ ಕೈ ಇವನದು ಎಂದು ಬೆರಗಾದದ್ದು ವಾಮನನಿಗೆ ಇಂದಿಗೂ ನೆನಪಿದೆ. ನೈರೋಬಿಗೆ ಮರಳಿ ಅದೇ ಸಂಜೆ ತನಿಖೆಯ ಫಾರಂ ತುಂಬಿದ. ಕಾರಣ ಎಂಬ ಕಾಲಮ್ಮಿನಲ್ಲಿ ತನ್ನ ಗುಂಡಗಿನ ಇಂಜಿನಿಯರ್ ಅಕ್ಷರದಲ್ಲಿ, ಚಾಲಕ ಹೊರಡುವ ಮುನ್ನ ಚಕ್ರದ ನಟ್ಟುಗಳನ್ನು ಪರೀಕ್ಷಿಸಲಿಲ್ಲ, ಎಂದು ಬರೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಸ್ಪತ್ರೆಯ ಮಂಚದ ಮೇಲೆ ಮುಸ್ಯೋಕಾ ಅದನ್ನು ಎರಡು ಸಲ ಓದಿ, ಬಲಗೈಯಿಂದ ಸಹಿ ಹಾಕಿ, ಏನೂ ಅನ್ನದೆ ಪೆನ್ನು ವಾಪಸು ಕೊಟ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಪ್ಪರ್ ಹಿಲ್‌ನ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಗಾಡಿ ನಿಂತಿತು. ಮೂರನೆಯ ಮಹಡಿಯಲ್ಲಿ ವಾಮನನನ್ನು ಇಪ್ಪತ್ತು ನಿಮಿಷ ಸೋಫಾದ ಮೇಲೆ ಕೂರಿಸಿದರು. ಸೋಫಾ ತೀರಾ ಮೆತ್ತಗಿತ್ತು. ಮೊಣಕಾಲು ಎದೆಗೆ ಬಂದು, ಏಳಲು ಹೋದರೆ ಎರಡು ಸಲ ಪ್ರಯತ್ನಿಸಬೇಕಾಯಿತು, ರಿಸೆಪ್ಶನ್ನಿನ ಹುಡುಗಿ ನೋಡಿಯೂ ನೋಡದಂತೆ ಇದ್ದಳು. ಅವನ ಬೂಟಿಗೆ ಗ್ರೀಸು ಅಂಟಿತ್ತು. ಸಹಿ ಹಾಕಿಬಿಡೋಣ, ಎಂದುಕೊಂಡ. ಮುಸ್ಯೋಕಾನಿಗೂ ಐವತ್ತಾರಾಯಿತು, ಮಚಾಕೋಸಿನಲ್ಲಿ ಅವನದೊಂದಿಷ್ಟು ಜಮೀನಿದೆಯಂತೆ. ಹೀಗೆ ಅಂದುಕೊಂಡ ತನ್ನ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು.

ಕಿಶನ್ ಭಾಯಿ ಮಾತಾಡುವುದು ಹಿಂದಿಯಲ್ಲಿ, ಮೆಲುದನಿಯಲ್ಲಿ. ಮೊದಲ ಹಾಳೆ ಓದಿ ಮೆಚ್ಚಿದ. ಡಬಲ್ ಕ್ಯಾಬ್ ಯಾಕೆ ಬೇಡ ಎಂದು ಕೇಳಿದ. ವಾಮನ ಹೇಳಿದ, ಹೇಳುತ್ತಾ ಹೇಳುತ್ತಾ ಅದು ತನ್ನ ಮಾತಲ್ಲ, ಸ್ಪ್ರಿಂಗಿನಿಂದ ಹಿಡಿದು ಹಳ್ಳಿ ಫುಂಡಿಯ ಹತ್ತು ಸ್ಪ್ಯಾನರಿನವರೆಗೆ ಒಂದೊಂದೂ ಮುಸ್ಯೋಕಾನದು ಎಂದು ಅವನ ಕಿವಿಗೇ ಕೇಳಿಸಿತು.

"ಬಹಳ ಚೆನ್ನಾಗಿ ಯೋಚನೆ ಮಾಡಿದ್ದೀರಿ," ಅಂದ ಕಿಶನ್ ಭಾಯಿ. "ಇನ್ನು ಎರಡನೇ ಹಾಳೆಗೊಂದು ಸಹಿ. ಇನ್ಶೂರೆನ್ಸಿನವರ ತಕರಾರು, ವಾರ್ನಿಂಗ್ ಇರೋ ಡ್ರೈವರ್ ಹೊಸ ಗಾಡಿಗೆ ಆಗಲ್ಲ ಅಂತ."

ವಾಮನ ಪೆನ್ನಿನ ಮುಚ್ಚಳ ತೆಗೆದ. "ಆ ವಾರ್ನಿಂಗ್ ನನಗೆ ಬರಬೇಕಾದ್ದು, ಕಿಶನ್ ಭಾಯಿ."

ಹೇಳಿದ. ಸ್ಪ್ಯಾನರಿನ ಸಾಲು, ಲಿಯೋ ಹಪಾನಾ, ಹಾಸಿಗೆಯಿಂದ ಆಡಿದ ಮಾತು, ಫಾರಮ್ಮಿನ ಕಾಲಮ್ಮು. ಐದು ನಿಮಿಷವೂ ಆಗಲಿಲ್ಲ. ಒಂಬತ್ತು ತಿಂಗಳು ಹೊತ್ತದ್ದು ಐದು ನಿಮಿಷದಲ್ಲಿ ಮುಗಿದದ್ದು ಅವನಿಗೆ ಅವಮಾನದಂತೆ ಕಂಡಿತು. ಕಿಶನ್ ಭಾಯಿ ಕನ್ನಡಕ ತೆಗೆದು ಒರೆಸಿದ. "ನಮ್ಮ ಮನೆಯಲ್ಲೂ ದಸರಾಕ್ಕೆ ಯಂತ್ರಕ್ಕೆ ಪೂಜೆ ಮಾಡ್ತೀವಿ. ಭಕ್ತಿ ತಪ್ಪಲ್ಲ," ಅಂದ.

"ಭಕ್ತಿ ಅಲ್ಲ. ಏಳೋಕೆ ಬೇಜಾರಾಯ್ತು ನನಗೆ."

ಕಿಶನ್ ಭಾಯಿ ಕನ್ನಡಕ ಮತ್ತೆ ಹಾಕಿಕೊಂಡ. "ನಿಮ್ಮ ಪರ್ಮಿಟ್ ಸೆಪ್ಟೆಂಬರಿಗಲ್ವಾ?" ಎಂದು ಕೇಳಿ, ಉತ್ತರ ಬೇಡವೆಂಬಂತೆ ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದ. "ಬರೆದುಕೊಡಿ. ಅವನ ವಾರ್ನಿಂಗ್ ಹರಿದು ಹಾಕಿಸ್ತೀನಿ, ಹೊಸ ಗಾಡಿ ಅವನೇ ಓಡಿಸಲಿ. ನಿಮ್ಮದನ್ನ ಸೆಪ್ಟೆಂಬರಿನಲ್ಲಿ ನೋಡೋಣ." ವಾಮನ ಅದೇ ಗುಂಡಗಿನ ಅಕ್ಷರದಲ್ಲಿ ಬರೆದ. ಒಂದಕ್ಷರವೂ ಓರೆಯಾಗಲಿಲ್ಲ. ಕೆಲಸ ಹೋಗಬಹುದು ಎನ್ನುವುದು ಇನ್ನೂ ಕೈಗೆ ತಿಳಿದಿರಲಿಲ್ಲವೋ ಏನೋ.

ಕೆಳಗೆ ಮುಸ್ಯೋಕಾ ಬಾನೆಟ್ ಎತ್ತಿ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ವಾಮನ ಪಕ್ಕದಲ್ಲಿ ನಿಂತು, ಬೆಲ್ಟನ್ನೇ ನೋಡುತ್ತಾ, ನಡೆದದ್ದನ್ನು ಹೇಳಿದ. ಮೊದಲು ಸಹಿಗೆ ಬಿಟ್ಟ ಜಾಗದ ವಿಷಯ, ಆಮೇಲೆ ತಾನು ಬರೆದುಕೊಟ್ಟದ್ದು, ಹೊಸ ಗಾಡಿಯ ವಿಷಯ. ಕ್ಷಮಿಸು ಅನ್ನಲು ಸ್ವಾಹಿಲಿಯಲ್ಲಿ ಪದ ಗೊತ್ತಿತ್ತು. "ಸಮಹಾನಿ," ಅಂದ. ಅಷ್ಟು ದೊಡ್ಡ ತಪ್ಪಿಗೆ ಅದು ಸಣ್ಣದಾಯಿತು ಅನ್ನಿಸಿ ಇನ್ನೊಮ್ಮೆ ಅಂದ. "ಹಳೇ ವಾರ್ನಿಂಗ್ ಹರಿದು ಹಾಕ್ತಾರೆ. ಇನ್ನು ನಿನ್ನ ಹೆಸರಲ್ಲಿ ಏನೂ ಇರಲ್ಲ."

ಮುಸ್ಯೋಕಾ ಬಾನೆಟ್ ಇಳಿಸಲಿಲ್ಲ. ಬಟ್ಟೆಯ ಚೂರಿನಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ, ಮುಚ್ಚಲಾಗದ ಎರಡನ್ನೂ.

"ಹರಿಯೋದು ಬೇಡ, ಬ್ವಾನಾ."

"ಯಾಕೆ?"

"ಅದರಲ್ಲಿ ಬರೆದದ್ದು ಪೂರ್ತಿ ಸುಳ್ಳಲ್ಲ." ಅವನು ಎಂಜಿನ್ನಿನ ಕಡೆಗೇ ನೋಡುತ್ತಾ ಹೇಳಿದ. "ಲಿಮೂರು ಹತ್ತಿರ ಸ್ಟೀರಿಂಗ್ ನಡುಗಿತು. ನನ್ನ ಕೈಗೆ ಗೊತ್ತಾಯ್ತು, ಎಡಗಡೆ ನಟ್ಟು ಅಂತ. ಎದುರಿಗೇ ಪೆಟ್ರೋಲ್ ಬಂಕ್ ಇತ್ತು. ಕೇಳಿದ್ರೆ ಯಾರಾದ್ರೂ ಸ್ಪ್ಯಾನರ್ ಕೊಡ್ತಿದ್ರು, ಎರಡು ನಿಮಿಷದ ಕೆಲಸ. ನಾನು ನಿಲ್ಲಿಸಲಿಲ್ಲ."

ವಾಮನನಿಗೆ ಅರ್ಥವಾಗಲಿಲ್ಲ. ಈ ಮನುಷ್ಯ ನಿಲ್ಲಿಸದೆ ಇರುವುದುಂಟೇ?

"ನಿಮ್ಮ ಮೇಲೆ ಸಿಟ್ಟಿತ್ತು. ಇಪ್ಪತ್ತೆಂಟು ವರ್ಷ ಗಾಡಿ ಓಡಿಸಿದವನು ನಾನು. ನನ್ನ ಗಾಡಿಯ ಸ್ಪ್ಯಾನರಿಗೆ ಬಣ್ಣ ಹಚ್ಚಿ, ನನಗೇ ಮುಟ್ಟಬೇಡ ಅಂದ್ರಿ, ಎಲ್ಲರ ಮುಂದೆ, ನಕ್ಕೊಂಡು. ಆಗಲಿ, ಏನಾಗುತ್ತೋ ಆಗಲಿ, ಇಂಜಿನಿಯರೇ ಬಂದು ನೋಡಲಿ ಅಂತ ಬಂಕ್ ದಾಟಿಸಿದೆ. ಚಕ್ರ ಸ್ವಲ್ಪ ಆಡುತ್ತೆ, ಇಳಿಜಾರು ಮುಗಿದ ಮೇಲೆ ನಿಲ್ಲಿಸಿ ಫೋನ್ ಮಾಡ್ತೀನಿ ಅಂದ್ಕೊಂಡಿದ್ದೆ. ಕಳಚಿ ಹೋಗುತ್ತೆ ಅಂದ್ಕೊಂಡಿರಲಿಲ್ಲ. ಎದುರಿಗೆ ಲಾರಿ ಬರ್ತಿತ್ತು. ಅದರಲ್ಲಿ ಜನ ಇದ್ರು." ಬಟ್ಟೆಯನ್ನು ಮಡಿಸಿ ಜೇಬಿಗೆ ಇಟ್ಟ. "ಆಸ್ಪತ್ರೆಗೆ ನೀವು ಆ ಫಾರಂ ತಂದಾಗ ಹೇಳಬಹುದಿತ್ತು. ಹೇಳಲಿಲ್ಲ. ನೀವು ದಿನಾ ನನ್ನ ಕೈ ನೋಡೋದು ನನಗೆ ಗೊತ್ತು. ನೋಡಲಿ ಅಂತ ಸುಮ್ಮನಿದ್ದೆ."

ಪಾರ್ಕಿಂಗಿನ ಗೋಡೆಯಾಚೆ ಯಾವುದೋ ಬ್ಯಾಂಕಿನ ಜನರೇಟರು ಸದ್ದು ಮಾಡುತ್ತಿತ್ತು. ವಾಮನನಿಗೆ ಒಂದು ಗಳಿಗೆ ಉರಿದು ಬಂತು. ಒಂಬತ್ತು ತಿಂಗಳ ನಿದ್ದೆ, ಈಗಷ್ಟೇ ಬರೆದುಕೊಟ್ಟ ಹಾಳೆ, ಸೆಪ್ಟೆಂಬರು. ಉರಿದದ್ದು ಹಾಗೇ ಇಳಿಯಿತು. ತಾನು ನಿರಪರಾಧಿಯಾಗಲಿಲ್ಲ, ತಪ್ಪು ಒಂದು ಚೂರೂ ಕಡಿಮೆಯಾಗಲಿಲ್ಲ. ಆದರೆ ಯಾರೂ ಕೇಳದೆ, ಕೆಲಸ ಉಳಿಯಿತು ಅನ್ನುವ ಹೊತ್ತಿಗೆ, ಅದನ್ನೇ ಪಣಕ್ಕಿಟ್ಟು ತಪ್ಪಿನಲ್ಲಿ ತನ್ನ ಪಾಲನ್ನು ಎತ್ತಿಕೊಳ್ಳುವ ಇನ್ನೊಬ್ಬನನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಗುಡ್ಡಕ್ಕೆ ಗಾಡಿ ಒರಗಿಸಿದ ಕೈಗಿಂತ ಇದು ದೊಡ್ಡದು ಎಂದು ಅನ್ನಿಸಿತು. ಕಣ್ಣು ತುಂಬಿ ಬಂದದ್ದನ್ನು ಅವನು ಮುಚ್ಚಿಕೊಳ್ಳಲಿಲ್ಲ.

"ಇದನ್ನ ಹೇಳಿದ್ರೆ ಹೊಸ ಗಾಡಿ ಸಿಗದೇ ಇರಬಹುದು," ಅಂದ.

"ಗೊತ್ತು. ನನ್ನ ವಾರ್ನಿಂಗು, ನೀವು ಬರೆದದ್ದು, ಎರಡೂ ಕಾಗದ ಒಂದರ ಪಕ್ಕ ಒಂದು ಇರಲಿ. ಓದಿ ಅವರೇ ಹೇಳಲಿ."

"ಇಬ್ಬರನ್ನೂ ಮನೆಗೆ ಕಳಿಸಿದ್ರೆ?"

ಮುಸ್ಯೋಕಾ ಮೊದಲ ಸಲ ಇವನ ಮುಖ ನೋಡಿದ. "ಆಗ ಮ್ಜೇಯನ್ನು ನಾವೇ ಕೊಂಡುಕೊಳ್ಳೋಣ," ಅಂದ. ನಗಲಿಲ್ಲ. ತಮಾಷೆಯೋ ನಿಜವೋ ವಾಮನನಿಗೆ ಗೊತ್ತಾಗಲಿಲ್ಲ.

"ಬನ್ನಿ," ಅಂದ ವಾಮನ. "ಹರಿಯೋಕೆ ಮುಂಚೆ ಹೋಗೋಣ."

ಮುಸ್ಯೋಕಾ ಬಾನೆಟ್ ಇಳಿಸಿ, ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಹನ್ನೆರಡು ವರ್ಷ ಆ ಕಟ್ಟಡದ ಹಿಂದೆ ಗಾಡಿ ನಿಲ್ಲಿಸಿದವನು, ಅವತ್ತೇ ಮೊದಲ ಸಲ ಅದರ ಮುಂಬಾಗಿಲಿನಿಂದ ಒಳಗೆ ಹೋದ.